ಮೊದಲನೇ ಮಡಿಕೆ

೩ ಮಾರ್ಚ್

ನನ್ನ ಕುಂಬಳಬಳ್ಳಿಗೆ,

ಈ ಪತ್ರ ನಿನ್ನ ಕೈಗೆ ಸಿಗುವಾಗ ನೀನು ಈಗಿಗಿಂತ ಎರಡು ಬೆರಳು ಉದ್ದವಾಗಿರುತ್ತೀಯ. ಬೆಳೆಯದೆ ಇದು ಸಿಗುವ ಹಾಗೇ ಇಲ್ಲ. ಅನಾಥ ಮಕ್ಕಳ ಈ ನಿಲಯದಿಂದ ಹೊಸ ಮನೆಗೆ ಹೊರಡುವ ಪ್ರತಿ ಹುಡುಗಿಯ ಫ್ರಾಕಿಗೂ ನಾವು ಅಂಚಿನ ಮೇಲೆ ಮೂರು ಮಡಿಕೆ ಹಿಡಿಯುತ್ತೇವೆ, ಗೊತ್ತಲ್ಲ. ಆರು ತಿಂಗಳಿಗೊಂದು ಬಿಚ್ಚಬೇಕು. ಒಂದೂವರೆ ವರ್ಷ ಅದೇ ಫ್ರಾಕು ನಡೆಯಬೇಕು. ನಿನ್ನದರ ಮೊದಲನೇ ಮಡಿಕೆಯೊಳಗೆ ಮೇಣದ ಬಟ್ಟೆ ಸುತ್ತಿ ಈ ಕಾಗದ ಇಟ್ಟು ಹೊಲಿಯುತ್ತಿದ್ದೇನೆ. ಹೊಲಿಗೆ ಕೋಣೆಯಲ್ಲಿ ನಾನೊಬ್ಬಳೇ. ಉಳಿದವರೆಲ್ಲ ಸ್ನಾನದ ಸಾಲಿನಲ್ಲಿದ್ದಾರೆ. ಕಣ್ಣಿಗೆ ಸೋಪು ಹೋಯಿತೆಂದು ನೀನು ಕೂಗುತ್ತಿರುವುದು ಇಲ್ಲಿಗೂ ಕೇಳಿಸುತ್ತಿದೆ.

ಬಾಯಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಬಾಯಲ್ಲಿ ಎಳ್ಳೂ ನೆನೆಯುವುದಿಲ್ಲ. ನಾಳೆ ರೈಲು ಎರಡು ನಿಲ್ದಾಣ ದಾಟುವಷ್ಟರಲ್ಲಿ ನಿಮ್ಮನ್ನು ಕರೆದೊಯ್ಯುವ ಕೊಡೆಯಮ್ಮನ ಮುಂದೆ ಒದರಿಬಿಡುತ್ತೀಯ. ಆಮೇಲೆ ಅಂಚೆಯಲ್ಲಿ ಬರೆಯೋಣವೆಂದರೆ, ನಿಲಯದಿಂದ ಹೋಗುವ ಪತ್ರಗಳನ್ನೆಲ್ಲ ಮೇಲ್ವಿಚಾರಕಿ ದೊಡ್ಡಮ್ಮ ಓದುತ್ತಾರೆ. ಬರುವ ಪತ್ರ ಬಿಚ್ಚುವುದಿಲ್ಲ, ಹೋಗುವುದನ್ನು ಮಾತ್ರ. ನಿಲಯದ ಮರ್ಯಾದೆಯೂ ಅದರ ಜೊತೆಗೇ ಹೊರಗೆ ಹೋಗುತ್ತದಂತೆ.

ವಿಷಯ ಇಷ್ಟು. ಸೋಮವಾರ ದೊಡ್ಡಮ್ಮ ಮನೆಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ‘ನಿನ್ನ ಅಕ್ಷರ ಮುತ್ತಿನ ಹಾಗಿದೆ, ಅಚ್ಚುಕಟ್ಟಾಗಿ ಇನ್ನೊಂದು ಪ್ರತಿ ಬರಿ’ ಅಂದರು. ಇಪ್ಪತ್ತೆರಡು ಮಕ್ಕಳು, ಇಪ್ಪತ್ತೆರಡು ಮನೆ. ನಿನ್ನ ಹೆಸರಿನ ಮುಂದೆ ಒಬ್ಬ ಅಂಬಿಗನ ಮನೆ ಇತ್ತು. ನದಿಯ ದಂಡೆ, ಎರಡು ಕೋಣೆ, ಆಗಲೇ ಐದು ಮಕ್ಕಳು. ನಿನ್ನ ಪಕ್ಕದ ಹಾಸಿಗೆಯ ಬಿಕ್ಕಳಿಯ ಹೆಸರಿನ ಮುಂದೆ ಬಟ್ಟೆ ವ್ಯಾಪಾರಿಯ ಮನೆ. ಮಹಡಿ, ಮಕ್ಕಳಿಲ್ಲ, ಹುಡುಗಿಗೆ ಬೇರೆ ಕೋಣೆ, ಬಟ್ಟೆಬರೆ ಸಿದ್ಧ. ‘ಎಂಟು ವರ್ಷದವಳು, ಎತ್ತರ ಮೂರೂಮುಕ್ಕಾಲು ಅಡಿ, ಹೆಚ್ಚಿರಬಾರದು’ ಎಂದು ಎತ್ತರವನ್ನೂ ಬರೆದು ಕೇಳಿದ್ದರು. ಹೊಲಿಸಿಟ್ಟ ಬಟ್ಟೆ ಹಾಳಾಗಬಾರದಲ್ಲ, ಎಷ್ಟು ಮುಂದಾಲೋಚನೆಯ ಜನ ಎಂದುಕೊಂಡೆ.

ನಾನು ಆ ಎರಡು ಮನೆಗಳನ್ನು ಅದಲುಬದಲು ಮಾಡಿ ಬರೆದೆ. ಹಳೇ ಪಟ್ಟಿ ಒಲೆಗೆ ಹೋಯಿತು.

ಬಿಕ್ಕಳಿಯ ಮೇಲೆ ನನಗೇನೂ ಕೋಪವಿಲ್ಲ. ಅತ್ತರೆ ಬಿಕ್ಕಳಿಕೆ ನಿಲ್ಲದ ಆ ಗಿಡ್ಡಿಯ ಮೇಲೆ ಯಾರಿಗೆ ಕೋಪ ಬಂದೀತು? ಆದರೆ ಪಟ್ಟಿ ಬರೆಯುವ ಮೇಜಿನ ಬಳಿ ಅವಳ ಕಡೆಯವರು ಯಾರೂ ಇರಲಿಲ್ಲ. ನಿನ್ನ ಕಡೆ ನಾನಿದ್ದೆ. ನನಗೆ ಹದಿನಾಲ್ಕು ದಾಟಿತು, ಹನ್ನೆರಡರ ಮೇಲಿನವರನ್ನು ಯಾರೂ ಕೇಳುವುದಿಲ್ಲ. ನಿನ್ನ ಜೊತೆ ಬರಲಾಗದವಳು ನಿನಗೊಂದು ಮಹಡಿ ಮನೆಯನ್ನಾದರೂ ಕೊಟ್ಟೆ.

ಸೋಮವಾರದಿಂದ ನನಗೆ ಹೆದರಿಕೆ. ದೊಡ್ಡಮ್ಮ ಕೆಮ್ಮಿದರೂ ಎದೆ ಹಾರುತ್ತದೆ. ಇದನ್ನು ಓದಿದ ಮೇಲೆ ಒಲೆಗೆ ಹಾಕು.

ನಿನ್ನ ಅಕ್ಕ

೨೯ ಮಾರ್ಚ್

ಪ್ರೀತಿಯ ಅಕ್ಕ,

ನಾನು ಬಂದು ಮುಟ್ಟಿದೆ. ರೈಲಿನಲ್ಲಿ ಎರಡು ದಿನ. ಬಿಕ್ಕಳಿ ಮೊದಲನೇ ದಿನ ಪೂರ್ತಿ ಬಿಕ್ಕಿದಳು, ಎರಡನೇ ದಿನ ಪೂರ್ತಿ ತಿಂದಳು. ನಿಲ್ದಾಣದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕೊಡೆಯಮ್ಮ ಬಿಸಿಲಿಲ್ಲ ಮಳೆಯಿಲ್ಲ, ಕೊಡೆ ಬಿಚ್ಚಿಕೊಂಡೇ ಪಟ್ಟಿ ಓದಿದರು. ನನ್ನ ಸರದಿ ಬಂದಾಗ, ‘ಏನೇ, ಪಟ್ಟೀಲಿ ಕೇಳಿರೋದಕ್ಕಿಂತ ಉದ್ದ ಇದ್ದೀಯಲ್ಲ? ರೈಲಲ್ಲೇ ಬೆಳೆದ್ಯಾ?’ ಅಂದರು. ಎಲ್ಲರೂ ನಕ್ಕರು.

ಮನೆ ಎಷ್ಟು ದೊಡ್ಡದು ಗೊತ್ತಾ? ಮೆಟ್ಟಿಲಿಗೂ ಜಮಖಾನ ಹಾಸಿದ್ದಾರೆ. ಹೊಸ ಅಮ್ಮ ತುಂಬ ತೆಳ್ಳಗಿದ್ದಾರೆ, ಮೆಲ್ಲಗೆ ಮಾತಾಡುತ್ತಾರೆ. ನಾನು ಟ್ರಂಕು ಕೆಳಗಿಡುವ ಮೊದಲೇ ಊಟದ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಚೌಕಟ್ಟಿನ ಮೇಲೆ ಪೆನ್ಸಿಲಿನ ಗೆರೆಗಳಿವೆ, ಕೆಳಗಿನಿಂದ ಮೇಲಕ್ಕೆ. ಎಲ್ಲಕ್ಕಿಂತ ಮೇಲಿನ ಗೆರೆಗೆ ನನ್ನನ್ನು ನಿಲ್ಲಿಸಿ ತಲೆಯ ಮೇಲೆ ಪುಸ್ತಕ ಇಟ್ಟು ನೋಡಿದರು. ಒಂದು ಬೆರಳು ಹೆಚ್ಚಾಯಿತು. ಅಮ್ಮ ‘ಕೂದಲು ದಟ್ಟ ಇದೆ, ಅದಕ್ಕೇ’ ಅಂದು ಕತ್ತರಿ ತಂದು ಕೂದಲು ಕತ್ತರಿಸಿದರು. ಆದರೂ ಅರ್ಧ ಬೆರಳು ಉಳಿಯಿತು.

ಕಪಾಟಿನ ತುಂಬ ಫ್ರಾಕುಗಳು, ಬೂಟುಗಳು. ಹೊಸ ಹೆಸರೂ ಕೊಟ್ಟಿದ್ದಾರೆ, ಚೆನ್ನಾಗಿದೆ. ಮೊದಲು ಅದು ಬೇರೆ ಯಾರದೋ ಆಗಿತ್ತಂತೆ. ಕರೆದರೆ ಒಮ್ಮೊಮ್ಮೆ ನನಗೆ ಗೊತ್ತಾಗುವುದಿಲ್ಲ. ನಿನ್ನ ಫ್ರಾಕು ಟ್ರಂಕಿನಲ್ಲಿದೆ. ನಿನ್ನ ಪತ್ರ ಬಂದರೆ ಅಮ್ಮ ಮೊದಲು ಓದಿ ನನಗೆ ಕೊಡುತ್ತಾರಂತೆ.

ನಿನ್ನ ಬಳ್ಳಿ

೨೦ ಏಪ್ರಿಲ್

ಕುಂಬಳಬಳ್ಳಿ,

ನಿನ್ನ ಪತ್ರವನ್ನು ಹೊಲಿಗೆ ಕೋಣೆಯಲ್ಲಿ ಎಲ್ಲರಿಗೂ ಓದಿದೆ, ಎರಡು ಸಲ. ಮೆಟ್ಟಿಲಿಗೂ ಜಮಖಾನ ಎಂಬಲ್ಲಿ ಗುಂಡಿ ಹಾಕುವವಳು ಸೂಜಿಯಿಂದ ಬೆರಳು ಚುಚ್ಚಿಕೊಂಡಳು. ಕೂದಲು ಹೋದರೆ ಹೋಗಲಿ ಬಿಡು, ಅದರ ಜೊತೆ ಹೇನೂ ಹೋದವು.

ಬಾಗಿಲ ಗೆರೆಯ ವಿಷಯ ಓದಿ ನನಗೆ ಅಳು ಬಂತು. ನಿನಗೆ ನೆನಪಿರಲಿಕ್ಕಿಲ್ಲ. ನಮ್ಮಮ್ಮನೂ ಹೀಗೇ ಮಾಡುತ್ತಿದ್ದಳು, ಒಲೆಯ ಇದ್ದಿಲಿನಿಂದ. ನೀನು ಒಂದು ಗೆರೆ ಮೇಲೆ ಹೋದರೆ ಅಪ್ಪನನ್ನು ಕೂಗಿ ತೋರಿಸುತ್ತಿದ್ದಳು. ಹೆತ್ತವಳು ಮಾಡುವ ಕೆಲಸವನ್ನು ಹೊಸ ಅಮ್ಮ ಮೊದಲ ದಿನವೇ ಮಾಡಿದ್ದಾರೆಂದರೆ ನಿನ್ನ ಪುಣ್ಯ.

ಬಿಕ್ಕಳಿಯ ಪತ್ರವೂ ಬಂದಿದೆ. ಅಂಬಿಗನ ದೊಡ್ಡ ಮಗಳು ಬರೆದುಕೊಟ್ಟಿದ್ದಾಳೆ. ಅವಳಿಗೆ ಮಂಚವೇ ಇಲ್ಲವಂತೆ, ಐದು ಮಕ್ಕಳ ಜೊತೆ ನೆಲದ ಮೇಲೆ ಮಲಗುತ್ತಾಳಂತೆ. ಪಾಪ.

ಸೆಪ್ಟೆಂಬರಿನಲ್ಲಿ ಮೊದಲನೇ ಮಡಿಕೆ ಬಿಚ್ಚುವುದು ಮರೆಯಬೇಡ. ನೀನೇ ಬಿಚ್ಚು, ಬೇರೆಯವರ ಕೈಗೆ ಕೊಡಬೇಡ. ನನ್ನ ಹೊಲಿಗೆ ನನ್ನ ತಂಗಿಯ ಕೈಗೆ ಮಾತ್ರ ಬಗ್ಗುತ್ತದೆ ಎಂದು ನಿನ್ನ ಅಮ್ಮನಿಗೆ ಹೇಳು.

ನಿನ್ನ ಅಕ್ಕ

೧೬ ಜುಲೈ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಅಮ್ಮ ಪಕ್ಕದಲ್ಲಿ ಕೂತಿದ್ದಾರೆ. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ.

ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮ ನನ್ನನ್ನು ಬಾಗಿಲಿಗೆ ನಿಲ್ಲಿಸುತ್ತಾರೆ. ಕಳೆದ ಮೂರು ಭಾನುವಾರವೂ ಅವರಿಗೆ ಸಂತೋಷವಾಯಿತು. ಸಂತೋಷವಾದ ದಿನ ಹಣೆಗೆ ಮುತ್ತು ಕೊಡುತ್ತಾರೆ. ಹಾಲು ಬಿಟ್ಟಿದ್ದೇನೆ. ಬೂಟು ಬಿಗಿಯಾಗಿದೆ, ಆದರೆ ನಡೆಯುತ್ತದೆ. ಕಾಲಿಗೂ ಬುದ್ಧಿ ಕಲಿಸಬೇಕು ಎಂದು ಅಮ್ಮ ಹೇಳುತ್ತಾರೆ.

ನನಗಾಗಿ ಚಿಂತೆ ಮಾಡಬೇಡಿ.

೧೦ ಆಗಸ್ಟ್

ಕುಂಬಳಬಳ್ಳಿ,

ಇದೇನೇ ಇದು, ನನಗೆ ‘ನೀವು’ ಅಂತೀಯ? ಮೆಟ್ಟಿಲಿನ ಜಮಖಾನ ನಾಲಿಗೆಗೂ ಹಾಸಿದರಾ? ನಕ್ಕು ನಕ್ಕು ಸಾಕಾಯಿತು. ಮರ್ಯಾದೆ ಕಲಿಸುತ್ತಿದ್ದಾರೆ, ಕಲಿ.

ಮೂರು ಭಾನುವಾರ ಸಂತೋಷ ಎಂದರೆ ಮೂರು ಸಲ ಗೆರೆ ಮೇಲೆ ಹೋಗಿದೆ ಎಂದಾಯಿತು. ನಿಲಯದಲ್ಲಿದ್ದಾಗ ಮೂರು ತಿಂಗಳಿಗೊಮ್ಮೆ ಫ್ರಾಕು ಗಿಡ್ಡ ಮಾಡಿಕೊಂಡು ನನ್ನ ಪ್ರಾಣ ತಿನ್ನುತ್ತಿದ್ದವಳು ನೀನು. ಈಗ ಮೂರು ಹೊತ್ತು ಉಂಡು ಎಷ್ಟು ಚಾಚಿರುತ್ತೀಯೋ. ಹಾಲು ಯಾಕೆ ಬಿಟ್ಟೆ? ಕುಡಿ. ಬೂಟು ಬಿಗಿಯಾದರೆ ನಾಚಿಕೆ ಬಿಟ್ಟು ಕೇಳು, ವ್ಯಾಪಾರಿಗಳಿಗೆ ಒಂದು ಜೊತೆ ಬೂಟು ಹೊರೆಯಲ್ಲ.

ಮಡಿಕೆ ಬಿಚ್ಚಿದ ದಿನವೇ ಬರಿ.

ಅಕ್ಕ

೮ ಅಕ್ಟೋಬರ್

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಮಡಿಕೆ ಬಿಚ್ಚಲಿಲ್ಲ. ಬೇಕಾಗಲಿಲ್ಲ. ಫ್ರಾಕು ಹಾಕಿ ನೋಡಿದೆ. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ, ನೀವು ಹೊಲಿದ ದಿನ ಇದ್ದಷ್ಟೇ ಇದೆ. ಸೊಂಟದಲ್ಲಿ ಸಡಿಲ.

ಇನ್ನು ಮುಂದೆ ಪತ್ರದಲ್ಲಿ ಬೆಳೆಯುವ ಮಾತು ಬರೆಯಬಾರದಂತೆ. ಹಿಂದಿನ ಪತ್ರ ಓದಿ ಅಮ್ಮನಿಗೆ ಎರಡು ದಿನ ತಲೆನೋವು ಬಂತು. ನನ್ನನ್ನು ಬಳ್ಳಿ ಎಂದು ಕರೆಯುವುದೂ ಬೇಡವಂತೆ.

೩೦ ಅಕ್ಟೋಬರ್

ಪ್ರೀತಿಯ ತಂಗಿಗೆ,

ನಿನ್ನ ಪತ್ರ ತಲುಪಿತು. ನೀನು ಹೇಳಿದ ಹಾಗೆಯೇ ಬರೆಯುತ್ತೇನೆ. ಇಲ್ಲಿ ಎಲ್ಲ ಚೆನ್ನಾಗಿದೆ. ಹೊಸ ಹೊಲಿಗೆ ಯಂತ್ರ ಬಂದಿದೆ. ದೊಡ್ಡಮ್ಮನಿಗೆ ಮಂಡಿನೋವು. ಚಳಿ ಶುರುವಾಗಿದೆ, ಬೆಚ್ಚಗಿರು. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಅವರ ತಲೆನೋವಿಗೆ ನಾನು ಕಾರಣಳಾದದ್ದಕ್ಕೆ ಕ್ಷಮೆ ಕೇಳಿದೆನೆಂದು ಹೇಳು.

ಊಟ ಮಾಡುತ್ತೀಯಾ?

ಅಕ್ಕ

೨೨ ಡಿಸೆಂಬರ್

ಪ್ರೀತಿಯ ತಂಗಿಗೆ,

ಇದು ಮೂರನೇ ಪತ್ರ. ಒಂದಕ್ಕೂ ಉತ್ತರವಿಲ್ಲ. ನಾಳಿದ್ದಿಗೆ ನಿನಗೆ ಒಂಬತ್ತು ತುಂಬುತ್ತದೆ. ಒಂದು ಸಾಲು ಬರೆದರೂ ಸಾಕು. ಬರೆಯಲು ಬಿಡುವಿಲ್ಲದಿದ್ದರೆ ಕಾಗದದ ಮೇಲೆ ಒಂದು ಗೀಟು ಎಳೆದು ಕಳಿಸು.

ಅಕ್ಕ

೧೭ ಜನವರಿ

ಅಕ್ಕ,

ಇದನ್ನು ಕಲ್ಲಿದ್ದಲು ತುಂಬುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಡುಗೆಯಜ್ಜಿ ಪೆನ್ಸಿಲು ಕೊಟ್ಟು ಬಾಗಿಲ ಹತ್ತಿರ ನಿಂತಿದ್ದಾಳೆ. ಅಂಚೆಗೂ ಅವಳೇ ಹಾಕುತ್ತಾಳೆ. ಉತ್ತರ ಈ ಮನೆಗೆ ಬರೆಯಬೇಡ. ಅವಳ ತಮ್ಮನ ಚಪ್ಪಲಿ ಅಂಗಡಿಗೆ ಬರಿ, ವಿಳಾಸ ಹಿಂದೆ ಇದೆ. ನಿನ್ನ ಮೂರು ಪತ್ರ ಬಂದಿದ್ದವೆಂದು ಅಜ್ಜಿ ಹೇಳಿದಳು, ನನಗೆ ಒಂದೂ ಸಿಗಲಿಲ್ಲ, ಒಲೆಯ ಬಾಯಲ್ಲಿ ಒಂದು ತುಂಡು ಕಂಡೆ.

ಇಲ್ಲಿ ಒಬ್ಬಳು ಹುಡುಗಿ ಇದ್ದಳು. ಎಂಟು ವರ್ಷವಿದ್ದಾಗ ಜ್ವರ ಬಂದು ಹೋದಳಂತೆ. ಮೇಲಿನ ಗೆರೆ ಅವಳದು. ನನ್ನನ್ನು ಕರೆಯುವ ಹೆಸರು ಅವಳದು. ಫ್ರಾಕು, ಬೂಟು, ಬಾಚಣಿಗೆ, ಮಂಚ ಎಲ್ಲ ಅವಳದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನೀನು ಬೈಯುತ್ತಿದ್ದೆಯಲ್ಲ, ಈಗ ಹಾಗೇ ಮಲಗುತ್ತೇನೆ, ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು.

ಅಮ್ಮ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಅದಕ್ಕೇ ನನಗೆ ಹೆಚ್ಚು ಭಯ. ತಲೆ ಗೆರೆಗಿಂತ ಮೇಲೆ ಹೋದ ಭಾನುವಾರ ಅವರು ಅಳುತ್ತಾರೆ. ‘ನನ್ನ ಬಿಟ್ಟು ಹೋಗ್ತಾ ಇದ್ದೀಯಾ?’ ಅಂತ ಕೇಳುತ್ತಾರೆ. ಆ ವಾರ ನನ್ನ ತಟ್ಟೆಗೆ ಅರ್ಧ ಬರುತ್ತದೆ, ಒಮ್ಮೊಮ್ಮೆ ತಟ್ಟೆಯೇ ಬರುವುದಿಲ್ಲ. ಅಪ್ಪ ಪೇಪರನ್ನು ಮುಖಕ್ಕೆ ಹಿಡಿದುಕೊಂಡು ಕೂರುತ್ತಾರೆ. ಪುಸ್ತಕ ತಲೆಗೆ ತಾಗುವಾಗ ಮೊಣಕಾಲನ್ನು ಸ್ವಲ್ಪ ಬಗ್ಗಿಸುವುದು ಕಲಿತಿದ್ದೆ. ಅಮ್ಮನಿಗೆ ಗೊತ್ತಾಗಿ ಈಗ ಫ್ರಾಕು ಮೇಲೆತ್ತಿ ನಿಲ್ಲಿಸುತ್ತಾರೆ.

ಹುಟ್ಟಿದಹಬ್ಬಕ್ಕೆ ಕೇಕಿನ ಮೇಲೆ ಎಂಟು ಮೇಣದಬತ್ತಿ ಹಚ್ಚಿದರು. ನನಗೆ ಒಂಬತ್ತು ಅಂದೆ. ‘ಇಲ್ಲ ಮಗಳೇ, ಎಂಟು’ ಅಂದರು. ಮುಂದಿನ ವರ್ಷವೂ ಎಂಟೇ ಅಂತೆ.

ಹೊಸ ವರ್ಷದಿಂದ ಒಂದು ಔಷಧಿ ಶುರುವಾಗಿದೆ. ಮೂಳೆ ಬೆಳೆಯದ ಹಾಗೆ ಮಾಡುತ್ತದಂತೆ. ಕಪ್ಪಗಿದೆ, ಕುಡಿದರೆ ಸಂಜೆಯವರೆಗೂ ಕಾಲು ನನ್ನದಲ್ಲ ಅನ್ನಿಸುತ್ತದೆ. ಮೊದಲು ಒಂದು ಚಮಚ ಕೊಡುತ್ತಿದ್ದರು, ಈಗ ಎರಡು. ಅಡುಗೆಯಜ್ಜಿ ನೋಡಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ‘ಮೂರು ಚಮಚ ಆಗೋಕೆ ಮುಂಚೆ ನಿನ್ನೋರು ಯಾರಿದ್ದಾರೋ ಅವರಿಗೆ ಬರಿ ಮಗೂ’ ಅಂದಳು. ನನ್ನವರು ನೀನೊಬ್ಬಳೇ.

ಮಕ್ಕಳನ್ನು ನೋಡಲು ಕೊಡೆಯಮ್ಮ ಮಾರ್ಚಿನಲ್ಲಿ ಬರುತ್ತಾರಂತೆ. ಆಗ ಏನು ಹೇಳಲಿ? ಅಮ್ಮ ಜೊತೆಯಲ್ಲೇ ಇರುತ್ತಾರೆ.

ಇನ್ನೊಂದು ಮಾತು. ಗಿಡ್ಡ ಹುಡುಗಿ ಬೇಕೆಂದು ಕೇಳಿದ ಮನೆಗೆ ನನ್ನನ್ನು ಯಾಕೆ ಬರೆದರು? ನಾನೇನು ತಪ್ಪು ಮಾಡಿದ್ದೆ ಅಕ್ಕ?

ಬಳ್ಳಿ

೨ ಫೆಬ್ರವರಿ

ಬಳ್ಳಿ,

ಈ ಪತ್ರವನ್ನು ಹಾಲಿನವನ ಕೈಯಲ್ಲಿ ಹೊರಗಿನಿಂದ ಹಾಕಿಸುತ್ತಿದ್ದೇನೆ, ದೊಡ್ಡಮ್ಮ ನೋಡಿಲ್ಲ.

ತಪ್ಪು ನೀನು ಮಾಡಿಲ್ಲ. ಯಾರು ಮಾಡಿದ್ದು ಎನ್ನುವುದು ನಿನ್ನ ಫ್ರಾಕಿನ ಮೊದಲನೇ ಮಡಿಕೆಯಲ್ಲಿದೆ. ನೀನು ಬೆಳೆದಾಗ ಓದುತ್ತೀಯ ಎಂದು ಇಟ್ಟಿದ್ದೆ. ಬೆಳೆಯದಿದ್ದರೂ ಬಿಚ್ಚು. ನಿನ್ನ ಆ ಅಮ್ಮ ಎಂದಾದರೂ ಟ್ರಂಕು ತೆಗೆದು, ಸಡಿಲವಾದ ಸೊಂಟ ಹಿಡಿಯಲೆಂದು ಫ್ರಾಕು ಕೈಗೆತ್ತಿಕೊಂಡು, ಅಂಚಿನಲ್ಲಿ ಏನೋ ಗಟ್ಟಿ ತಗುಲುತ್ತದಲ್ಲ ಎಂದುಕೊಂಡರೆ? ಹತ್ತು ದಿನದಿಂದ ನನಗೆ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ದೂರದ ಬೆಟ್ಟ ನುಣ್ಣಗೆ ಎಂದು ಎಲ್ಲರಿಗೂ ಹೇಳುತ್ತಿದ್ದವಳು ನಾನು. ನನ್ನ ತಂಗಿಯ ವಿಷಯ ಬಂದಾಗ ಮಹಡಿಯನ್ನಷ್ಟೇ ನೋಡಿದೆ. ಬಿಕ್ಕಳಿ ನೆಲದ ಮೇಲೆ ಮಲಗುತ್ತಾಳೆ ಎಂದು ಬರೆದಿದ್ದೆನಲ್ಲ, ಅವಳ ಪತ್ರದ ಮುಂದಿನ ಸಾಲನ್ನು ನಾನು ನಿನಗೆ ಬರೆಯಲಿಲ್ಲ. ‘ಎಲ್ಲರೂ ಸೇರಿ ನಗಿಸ್ತಾರೆ, ನಿದ್ದೇನೇ ಬರಲ್ಲ’ ಎಂದಿತ್ತು. ಅದು ನಿನ್ನ ಮನೆ. ನಿನ್ನ ಹೆಸರಿನ ಮುಂದೆ ಇದ್ದ ಮನೆ.

ಮೂರು ಸಲ ದೊಡ್ಡಮ್ಮನ ಬಾಗಿಲಿಗೆ ಹೋದೆ. ಮೂರನೇ ಸಲ ಒಳಗೆ ಹೋಗಿ, ಪಟ್ಟಿಯ ಪ್ರತಿಯಲ್ಲಿ ಏನಾದರೂ ತಪ್ಪಾದರೆ ಏನು ಮಾಡುತ್ತಾರೆ ಎಂದು ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ‘ತಪ್ಪಾದ್ರೆ ತಿದ್ದೋದು. ಯಾರು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗ್ತಾರೆ. ಯಾಕೇ, ನೀನೇನಾದ್ರೂ ತಪ್ಪು ಬರೆದ್ಯಾ?’ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ‘ಇಲ್ಲ’ ಎಂದು ಇಷ್ಟು ಜೋರಾಗಿ ಹೇಳಿದೆನೆಂದರೆ ಅವರು ಕನ್ನಡಕ ತೆಗೆದು ನೋಡಿದರು. ಓಡಿ ಬಂದೆ. ನಿಜ ಹೇಳಿದರೆ ನನ್ನನ್ನು ಹೊರಗೆ ಹಾಕುತ್ತಾರೆ. ಆಮೇಲೆ ನಿನ್ನ ಪತ್ರ ಯಾವ ವಿಳಾಸಕ್ಕೆ ಬರುತ್ತದೆ?

ಆದ್ದರಿಂದ ನೀನೇ ಹೇಳಬೇಕು. ಕೊಡೆಯಮ್ಮ ಬಂದಾಗ ಅಮ್ಮ ಇದ್ದರೂ ಸರಿ, ಹೇಳು: ನಾನು ಅಂಬಿಗನ ಮನೆಗೆ ಹೋಗಬೇಕಾದವಳು, ಪಟ್ಟಿಯಲ್ಲಿ ನಾನೂ ಬಿಕ್ಕಳಿಯೂ ಅದಲುಬದಲಾಗಿದ್ದೇವೆ. ಅವರು ತಿದ್ದುತ್ತಾರೆ. ಬಿಕ್ಕಳಿ ಗಿಡ್ಡಿ. ಅವಳು ಆ ಗೆರೆಯೊಳಗೆ ಹಿಡಿಸುತ್ತಾಳೆ.

ಈ ಕೊನೆಯ ಸಾಲಿನ ಮೇಲೆ ಎರಡು ಸಲ ಪೆನ್ನು ಇಟ್ಟೆ. ಹೊಡೆದುಹಾಕಲಿಲ್ಲ. ನನಗೆ ನೀನು ಬೇಕು.

ಅಕ್ಕ

೧೪ ಮಾರ್ಚ್

ಅಕ್ಕ,

ನಾನು ಆ ಮನೆಯಲ್ಲಿ ಇಲ್ಲ. ಮೊದಲು ಇದನ್ನು ಓದಿ ಉಸಿರು ಬಿಡು. ಕೊಡೆಯಮ್ಮನ ಬಾಡಿಗೆ ಕೋಣೆಯಲ್ಲಿದ್ದೇನೆ. ಒಂದೇ ಮಂಚ, ಅದರಲ್ಲಿ ನನ್ನನ್ನು ಮಲಗಿಸಿ ಅವರು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಾರೆ.

ನಿನ್ನ ಪತ್ರ ಬಂದ ಮಾರನೇ ದಿನ ಟ್ರಂಕು ತೆಗೆದೆ. ಅಡುಗೆಯಜ್ಜಿಯ ಚಾಕುವಿನ ತುದಿಯಿಂದ ಮಡಿಕೆ ಬಿಚ್ಚಿ, ಓದಿ, ಪತ್ರವನ್ನು ಮತ್ತೆ ಅಲ್ಲೇ ಇಟ್ಟು ಹೊಲಿದೆ. ಒಲೆಗೆ ಹಾಕಲು ಮನಸ್ಸಾಗಲಿಲ್ಲ. ಆ ಮನೆಯಲ್ಲಿ ನನ್ನ ಹೆಸರು ಬರೆದ ಕಾಗದ ಅದೊಂದೇ ಇತ್ತು.

ಕೊಡೆಯಮ್ಮ ಮಂಗಳವಾರ ಬಂದರು. ಆ ಹೊತ್ತಿಗೆ ಔಷಧಿ ಮೂರು ಚಮಚವಾಗಿತ್ತು. ಕೆಳಗಿಳಿಯುವಾಗ ನಾನು ಗೋಡೆ ಹಿಡಿದುಕೊಂಡೇ ಬಂದೆ. ಅಮ್ಮ ನನಗೆ ತೀರಿಹೋದ ಹುಡುಗಿಯ ನೀಲಿ ಫ್ರಾಕು ಹಾಕಿ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈ ಹಿಡಿದಿದ್ದರು. ಕೊಡೆಯಮ್ಮ ಚಹಾ ಕುಡಿಯುತ್ತ, ‘ನಿಲಯದ ಫ್ರಾಕು ಎಲ್ಲಿ? ಹಾಕ್ಕೊಂಡು ಬಾ’ ಅಂದರು. ಪ್ರತಿ ಮನೆಯಲ್ಲೂ ಅವರು ಅದನ್ನೇ ಕೇಳುವುದಂತೆ. ವರ್ಷಕ್ಕೆ ಎರಡು ಮಡಿಕೆ ಬಿಚ್ಚಿರಬೇಕು. ಬಾಯಿ ಸುಳ್ಳು ಹೇಳಿದರೂ ಸೂಜಿಯ ತೂತು ಹೇಳುವುದಿಲ್ಲವಂತೆ.

ಹಾಕಿಕೊಂಡು ಬಂದೆ. ಅವರು ಬಗ್ಗಿ ಅಂಚು ಹಿಡಿದು ನೋಡಿದರು. ಮೂರೂ ಮಡಿಕೆ ಹಾಗೇ ಇದ್ದವು. ಮೊದಲನೆಯದರ ಮೇಲೆ ಬೆರಳಾಡಿಸಿ, ‘ಇದು ನಿಲಯದ ಹೊಲಿಗೆ ಅಲ್ಲ. ಬಿಚ್ಚಿ ಮತ್ತೆ ಯಾಕೆ ಹೊಲಿದೆ?’ ಅಂದರು. ಒಳಗೆ ನಿನ್ನ ಪತ್ರ. ಅವರ ಬೆರಳು ಅದರ ಮೇಲೇ ಇತ್ತು. ‘ಬಿಚ್ಚಿದೆ. ಆದರೆ ನಾನು ಅಷ್ಟು ಬೆಳೆದಿರಲಿಲ್ಲ’ ಅಂದೆ.

ಅವರು ಫ್ರಾಕಿನ ಸೊಂಟವನ್ನು ಹಿಂದಿನಿಂದ ಹಿಡಿದರು, ಒಂದು ಹಿಡಿ ಬಟ್ಟೆ ಕೈಗೆ ಬಂತು. ಆಮೇಲೆ ಬಾಗಿಲ ಗೆರೆ ನೋಡಿ ಇದೇನು ಎಂದು ಕೇಳಿದರು. ಅಮ್ಮ ಎಲ್ಲವನ್ನೂ ಹೇಳಿದರು. ಮುಚ್ಚಿಡಲಿಲ್ಲ ಅಕ್ಕ. ಖುಷಿಯಿಂದ ಹೇಳಿದರು. ಔಷಧಿಯ ಬಾಟಲಿಯನ್ನೂ ತಂದು ತೋರಿಸಿದರು. ಕೊಡೆಯಮ್ಮ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಚಹಾ ಅರ್ಧಕ್ಕೇ ಬಿಟ್ಟು, ‘ಟ್ರಂಕು ತಗೊಂಡು ಬಾ’ ಅಂದರು. ಅಷ್ಟೇ ಮಾತು.

ಬಾಗಿಲಲ್ಲಿ ಅಮ್ಮ ಅಳಲಿಲ್ಲ. ‘ಪಟ್ಟೀಲಿ ಬರೆದೇ ಕೇಳಿದ್ವಲ್ಲ. ನಿಮ್ಮದೇ ತಪ್ಪು. ಈ ಸಲ ಗಿಡ್ಡಗಿರೋಳನ್ನ ಕಳಿಸಿ’ ಅಂದರು.

ರೈಲಿನಲ್ಲಿ ಕೊಡೆಯಮ್ಮ ಪಟ್ಟಿ ಬರೆದವರು ಯಾರು ಎಂದು ಕೇಳಿದರು. ಗೊತ್ತಿಲ್ಲ ಅಂದೆ. ನನ್ನ ಬಾಯಲ್ಲಿ ಎಳ್ಳೂ ನೆನೆಯುವುದಿಲ್ಲ ಎಂದು ನೀನು ಬರೆದಿದ್ದೆ. ನೆನೆಯಿತು ನೋಡು.

ನೀನು ಹೇಳಿಕೊಟ್ಟ ಮಾತನ್ನು ನಾನು ಹೇಳಲಿಲ್ಲ. ಬಿಕ್ಕಳಿ ಗಿಡ್ಡಿ, ಹಿಡಿಸುತ್ತಾಳೆ ಅಂದೆಯಲ್ಲ. ಅವಳೂ ಬೆಳೆಯುತ್ತಾಳೆ ಅಕ್ಕ. ನಿಧಾನವಾಗಿ ಬೆಳೆಯುತ್ತಾಳೆ, ಅಷ್ಟೇ.

ಬಳ್ಳಿ

೯ ಏಪ್ರಿಲ್

ಬಳ್ಳಿ,

ನಿನ್ನ ಕೊನೆಯ ಸಾಲು ಓದಿ ನಾಲ್ಕು ದಿನ ಯಾರ ಮುಖವನ್ನೂ ನೋಡಲಿಲ್ಲ. ಐದನೇ ದಿನ ಹೊಸ ಪಟ್ಟಿ ಬಂತು. ದೊಡ್ಡಮ್ಮ ಎಂದಿನಂತೆ ನನ್ನ ಮುಂದೆ ಇಟ್ಟು, ‘ಮುತ್ತಿನ ಹಾಗೆ ಬರಿ’ ಅಂದರು.

ಹದಿನಾಲ್ಕನೇ ಸಾಲು: ಬಟ್ಟೆ ವ್ಯಾಪಾರಿಯ ಮನೆ, ಎಂಟು ವರ್ಷದವಳು, ಎತ್ತರ ಮೂರೂಮುಕ್ಕಾಲು ಅಡಿ, ಹೆಚ್ಚಿರಬಾರದು. ಕೊಡೆಯಮ್ಮನ ವರದಿ ಮನೆ ಗೊತ್ತುಮಾಡುವ ಕಚೇರಿಗೆ ಮುಟ್ಟುವ ಮೊದಲೇ ಆ ಅಮ್ಮ ಅರ್ಜಿ ಹಾಕಿದ್ದಾರೆ. ಮುಂದೆ ಹೆಸರಿದ್ದದ್ದು ಇನ್ನೂ ಹೆಬ್ಬೆರಳು ಚೀಪುವ ಆ ಹುಡುಗಿಯದು, ನೀನು ಕಾಗದದ ದೋಣಿ ಮಾಡಿಕೊಡುತ್ತಿದ್ದೆಯಲ್ಲ, ಅವಳದು.

ನಿಜ ಹೇಳುತ್ತೇನೆ. ಮೊದಲು ಹೊಳೆದದ್ದು ಆ ಸಾಲನ್ನೇ ಬಿಟ್ಟು ಬರೆದುಬಿಡೋಣ ಎಂದು. ಯಾರಿಗೂ ತಿಳಿಯುತ್ತಿರಲಿಲ್ಲ, ನಾನೂ ಉಳಿಯುತ್ತಿದ್ದೆ. ಪೆನ್ನು ಹಿಡಿದ ಮೇಲೆ, ಇದೂ ಅದೇ ಕೆಲಸವಲ್ಲವೇ ಅನ್ನಿಸಿತು. ಇವಳನ್ನು ತಪ್ಪಿಸಿದರೆ ಮುಂದಿನ ಪಟ್ಟಿಯಲ್ಲಿ ಇನ್ನೊಬ್ಬಳು. ಅದನ್ನು ಬರೆಯುವವಳು ನಾನೇ ಆಗಿರುತ್ತೇನೆ ಎಂದು ಏನು ಖಾತ್ರಿ?

ನೀನು ಪೆನ್ಸಿಲಿನಲ್ಲಿ ಬರೆದ ಪತ್ರ ತೆಗೆದುಕೊಂಡು ದೊಡ್ಡಮ್ಮನ ಬಾಗಿಲು ತಟ್ಟಿದೆ. ಅದಲುಬದಲು ಮಾಡಿದ್ದು, ಯಾಕೆ ಮಾಡಿದ್ದು, ಬಿಕ್ಕಳಿಯನ್ನು ಅಲ್ಲಿಗೆ ಕಳಿಸಿಬಿಡು ಎಂದು ನಿನಗೆ ಬರೆದದ್ದು, ಎಲ್ಲ ಹೇಳಿದೆ. ಅವರು ನಿನ್ನ ಪತ್ರವನ್ನು ಎರಡು ಸಲ ಓದಿದರು. ‘ಇನ್ನೆಷ್ಟು ಪಟ್ಟೀಲಿ ಹೀಗೆ ಮಾಡಿದ್ದೀಯಾ?’ ಅಂದರು. ಇದೊಂದೇ ಅಂದೆ. ನಂಬಲಿಲ್ಲ. ನಂಬಲಿಕ್ಕೆ ನಾನೇನು ಉಳಿಸಿದ್ದೆ?

‘ತಪ್ಪಾದ್ರೆ ತಿದ್ದೋದು ಅಂದಿದ್ರಲ್ಲ, ಬಿಕ್ಕಳೀನ ಕದಲಿಸಬೇಡಿ’ ಎಂದು ಕಾಲು ಹಿಡಿದೆ. ‘ಏಳೇ ಮೇಲೆ. ನೀನೊಬ್ಳೇ ಈ ಮಕ್ಕಳ ಬಗ್ಗೆ ಯೋಚನೆ ಮಾಡೋಳು ಅಂದ್ಕೊಂಡಿದ್ದೀಯಾ?’ ಎಂದು ಗದರಿದರು. ಆಮೇಲೆ ನನ್ನ ಕತ್ತರಿಯನ್ನೇ ತರಿಸಿ, ಹದಿನಾಲ್ಕನೇ ಸಾಲನ್ನು ಕತ್ತರಿಸಿ, ನಿನ್ನ ಪತ್ರದ ಜೊತೆ ಲಕೋಟೆಯಲ್ಲಿಟ್ಟು ಕಚೇರಿಗೆ ಕಳಿಸಿದರು. ಉತ್ತರ ಬಂದಿಲ್ಲ. ಬರುವವರೆಗೆ ಹೆಬ್ಬೆರಳಿನವಳ ಟ್ರಂಕನ್ನು ಕಟ್ಟುವಂತಿಲ್ಲ ಎಂದಿದ್ದಾರೆ. ದಿನಕ್ಕೆ ನಾಲ್ಕು ಸಲ ಹೋಗಿ ಅದು ಖಾಲಿ ಇದೆಯೇ ಎಂದು ನೋಡಿ ಬರುತ್ತೇನೆ.

ನನ್ನನ್ನು ಹೊರಗೆ ಹಾಕಲಿಲ್ಲ, ಒಗೆಯುವ ಮನೆಗೆ ಹಾಕಿದ್ದಾರೆ. ಪೆನ್ನು ಮುಟ್ಟುವಂತಿಲ್ಲ. ಈ ಪತ್ರಕ್ಕೆ ಮಾತ್ರ ಅಪ್ಪಣೆ, ಅದೂ ಅವರ ಎದುರಿಗೇ ಕೂತು. ಮಾಡಿದ್ದುಣ್ಣೋ ಮಹಾರಾಯ.

ನಿನಗೆ ನನ್ನ ಮೇಲೆ ಕೋಪವಿದ್ದರೆ ಕೋಪದಲ್ಲೇ ಬರಿ, ಆದರೆ ಬರಿ.

ಅಕ್ಕ

೩೦ ಜುಲೈ

ಅಕ್ಕ,

ಕೋಪ ಇತ್ತು, ಅದಕ್ಕೇ ತಡವಾಯಿತು. ಈಗ ಸ್ವಲ್ಪ ಇದೆ.

ನಾನು ಅಂಬಿಗನ ಮನೆಯಲ್ಲಿದ್ದೇನೆ. ಬೇರೆ ಮನೆ ಸಿಗುವವರೆಗೆ ನಾಲ್ಕು ದಿನ ಇರಲಿ ಎಂದು ಕೊಡೆಯಮ್ಮ ಬಿಟ್ಟು ಹೋದರು. ನಾಲ್ಕು ದಿನ ನಾಲ್ಕು ತಿಂಗಳಾಯಿತು. ಕೊಡೆಯಮ್ಮ ಬಂದು ಕೇಳಿದರೆ ಅಂಬಿಗನ ಹೆಂಡತಿ, ‘ಆರು ತಟ್ಟೆಗೆ ಬಡಿಸೋ ಕೈ ಏಳನೇದಕ್ಕೆ ನೋಯುತ್ತಾ?’ ಅನ್ನುತ್ತಾರೆ. ಬಟ್ಟೆ ವ್ಯಾಪಾರಿಯ ಮನೆಗೆ ಇನ್ನು ಯಾರನ್ನೂ ಕಳಿಸುವುದಿಲ್ಲವೆಂದು ಕಚೇರಿ ಬರೆದಿದೆಯಂತೆ, ನಿಮಗೂ ತಿಳಿದಿರಬೇಕು. ನನಗೆ ಈಗಲೂ ಬಾಗಿಲು ದಾಟುವಾಗ ಮೊಣಕಾಲು ತಾನಾಗಿ ಬಾಗುತ್ತದೆ. ಭಾನುವಾರ ಬೆಳಿಗ್ಗೆ ಎದ್ದ ಕೂಡಲೇ ನದಿಯ ದಂಡೆಗೆ ಓಡಿಬಿಡುತ್ತೇನೆ. ಇಲ್ಲಿನ ಮಕ್ಕಳು ಅದನ್ನು ನೋಡಿ ನಗುವುದಿಲ್ಲ, ಬೇರೆ ಎಲ್ಲದಕ್ಕೂ ನಗುತ್ತಾರೆ.

ನಿನ್ನೆ ಮೊದಲನೇ ಮಡಿಕೆ ಬಿಚ್ಚಿದೆ. ಈ ಸಲ ಬೇಕಾಗಿಯೇ ಬಿಚ್ಚಿದೆ. ಎರಡು ಬೆರಳು.

ಬಿಕ್ಕಳಿ ಪಕ್ಕದಲ್ಲೇ ಕೂತು ದಾರ ಎಳೆಯುತ್ತಿದ್ದಳು. ನಿನ್ನ ಪತ್ರ ಅವಳ ಮಡಿಲಿಗೆ ಬಿತ್ತು. ‘ಏನೇ ಇದು?’ ಅಂದಳು. ‘ಅಕ್ಕನದು’ ಅಂದು ತೆಗೆದುಕೊಂಡೆ. ಅವಳು ಬಿಡಿಸಿ ನೋಡಲಿಲ್ಲ. ಅವಳ ಸ್ವಭಾವ ನಿನಗೆ ಗೊತ್ತಲ್ಲ.

ಮಲಗುವ ಮೊದಲು ಅವಳು ಒಂದು ಮಾತು ಹೇಳುತ್ತಾಳೆ, ಬಂದ ದಿನದಿಂದ ಹೇಳುತ್ತಾಳಂತೆ. ‘ನನ್ನ ಈ ಮನೆಗೆ ಬರೆದೋರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.’ ಮಿಕ್ಕವರೆಲ್ಲ ಹೂಂ ಅನ್ನುತ್ತಾರೆ. ನಾನು ನಿದ್ದೆ ಬಂದವಳ ಹಾಗೆ ಇರುತ್ತೇನೆ.

ನಾನು ಅವಳಿಗೆ ಹೇಳುವುದಿಲ್ಲ. ನೀನು ಹೇಳಬೇಕು. ದೊಡ್ಡಮ್ಮನನ್ನು ಕೇಳಿಕೊಂಡು ಇನ್ನೊಂದು ಸಲ ಪೆನ್ನು ಹಿಡಿ. ಮೊದಲು ಮಾಡಿದ್ದು, ಆಮೇಲೆ ಮಾಡಲು ಹೊರಟದ್ದು, ಎರಡನ್ನೂ ಬರಿ. ಅವಳಿಗೆ ಓದುವುದು ಇನ್ನೂ ನಿಧಾನ. ಅಕ್ಷರ ದೊಡ್ಡದಾಗಿ ಬರಿ.

ನಿನ್ನ ಬಳ್ಳಿ